ಬೂದಿ ಸಾಲಿನ ಹೆಬ್ಬೆಟ್ಟು

ಗಿರಣಿಯ ಕಚೇರಿಯಲ್ಲಿ ಅಪ್ಪನ ಪಕ್ಕ ನಿಂತು ಹಳೆಯ ಹಾಜರಿ ಪುಸ್ತಕ ನೋಡುತ್ತಿದ್ದ ಮಗಳ ಬೆರಳು ತಟ್ಟನೆ ನಿಂತಿತು. ತಾತ ತೀರಿಕೊಂಡದ್ದು ಆ ವರ್ಷದ ಮಾರ್ಚಿನಲ್ಲಿ; ಮರಣಪತ್ರ ಅವಳ ಕೈಯಲ್ಲೇ ಇತ್ತು. ಆದರೆ ಅಲ್ಲಿಂದ ಮುಂದೆ ಎರಡು ವರ್ಷ, ಕುಲುಮೆಯ ಬೂದಿ ಎತ್ತುವವರ ಸಾಲಿನಲ್ಲಿ ಅವನ ಹೆಸರಿನ ಮುಂದೆ ದಿನವೂ ಹೆಬ್ಬೆಟ್ಟು ಬಿದ್ದಿತ್ತು.

"ಸತ್ತೋರು ಕೆಲಸಕ್ಕೆ ಬರಲ್ಲ ಸ್ವಾಮಿ," ಎಂದ ಗುಮಾಸ್ತ. "ಬೇರೆ ಸಂಸಾರ ಹೂಡಿ, ಸತ್ತೆ ಅಂತ ಮನೆಗೆ ಸುದ್ದಿ ಕಳಿಸಿದೋರು ಎಷ್ಟೋ ಜನ ಇದಾರೆ."

ಅಪ್ಪನ ಮುಖ ಬಿಳಿಚಿಕೊಂಡಿತು. "ಆಗ ನನಗೆ ನಾಲ್ಕು ವರ್ಷ. ಹೆಣ ನೋಡಿದ ನೆನಪೂ ಇಲ್ಲ ಕಣಮ್ಮ."

ಮಗಳು ಗಡಿಬಿಡಿಯಲ್ಲಿ ಹಾಳೆಗಳನ್ನು ಹಿಂದೆ ಮುಂದೆ ತಿರುವಿದಳು. ಮಾರ್ಚಿನವರೆಗಿನ ಗುರುತು ಅಗಲವಾಗಿತ್ತು. ಆಮೇಲಿನದು ಚಿಕ್ಕದು, ನಡುವೆ ಓರೆಯಾಗಿ ಗಾಯದ ಗೆರೆ. "ಅಪ್ಪಾ, ಇದು ಬೇರೆಯವರ ಬೆರಳು!"

ಅಪ್ಪ ಬಗ್ಗಿ ನೋಡಿದರು. ಚಿಕ್ಕಂದಿನಲ್ಲಿ ಮುಖ ತೊಳೆಸುವಾಗ ಕೆನ್ನೆಗೆ ಒರಟಾಗಿ ತಾಗುತ್ತಿದ್ದ ಆ ಗಾಯ ಅವರಿಗೆ ಗೊತ್ತಿತ್ತು.

"ನಮ್ಮಮ್ಮಂದು," ಎಂದರು. "ಗಂಡಸು ಸತ್ರೆ ಗಿರಣಿಯೋರು ತಾವು ಕೊಟ್ಟ ಮನೆ ಖಾಲಿ ಮಾಡಿಸ್ತಿದ್ರು. ಮುಖಕ್ಕೆ ಬಟ್ಟೆ ಸುತ್ಕೊಂಡು, ಬೂದಿ ಬಳ್ಕೊಂಡು, ಅವಳೇ ಅಪ್ಪನ ಜಾಗದಲ್ಲಿ ನಿಂತಿದಾಳೆ."

ಗುಮಾಸ್ತ ಕುರ್ಚಿಯಿಂದ ಎದ್ದು ಪೆನ್ನು ತೆಗೆದ. "ನಿಮ್ಮ ತಾಯಿ ಹೆಸರು ಹೇಳಿ ಸ್ವಾಮಿ. ಇಲ್ಲೇ ಪಕ್ಕದಲ್ಲಿ ಬರೀತೀನಿ."