ಮಳೆಮರದ ಪ್ರಶ್ನೆ

ಹದಿನಾರು ತುಂಬಿದ ಮಕ್ಕಳು ಒಂದೇ ವಿಷಯ ಉಳಿಸಿಕೊಂಡು, ಮಿಕ್ಕ ವಿಷಯಗಳನ್ನೆಲ್ಲ ತಲೆಯಿಂದ ತೆಗೆಸಿಕೊಳ್ಳುವುದು ಆ ಊರಿನ ವಾಡಿಕೆ. ವಿಶಾಲಾಕ್ಷಿ ಸಸ್ಯಶಾಸ್ತ್ರ ಉಳಿಸಿಕೊಂಡವಳು. ಮನೆಯ ಹಾರ್ಮೋನಿಯಂ ಮೇಲೆ ಅವಳದೇ ಹೆಸರು ಕೆತ್ತಿದೆ. ನುಡಿಸಲು ಬಾರದು, ಶುಕ್ರವಾರಕ್ಕೊಮ್ಮೆ ಧೂಳು ಒರೆಸುತ್ತಾಳೆ, ಅಷ್ಟೇ.

ಇವತ್ತು ಮಗಳು ಚಾರುಮತಿಯ ಸರದಿ. ಅನ್ನಕ್ಕೆ ದಾರಿಯಾಗುತ್ತದೆಂದು ಗಣಿತ ಉಳಿಸಿಕೊಳ್ಳಲು ಹೇಳಿದವಳು ವಿಶಾಲಾಕ್ಷಿಯೇ. ಬೆಳಿಗ್ಗೆ ತೆಗೆಸುವ ಕೇಂದ್ರಕ್ಕೆ ಹೊರಟಾಗ ಹುಡುಗಿ ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ. ಕೋಟೆ ಕಟ್ಟಿಸಿದ್ದು ಯಾರು, ಮೋಡ ಯಾಕೆ ಕೆಳಗೆ ಬೀಳುವುದಿಲ್ಲ, ಅಳುವಾಗ ಗಂಟಲು ಯಾಕೆ ಕಟ್ಟುತ್ತದೆ. ಬೀದಿಯ ಕೊನೆಯ ಮಳೆಮರದ ಕೆಳಗಂತೂ ನಿಂತೇಬಿಟ್ಟಳು.

"ಅಮ್ಮಾ, ಸಂಜೆಯಾದ್ರೆ ಇದು ಎಲೆ ಮಡಚ್ಕೊಳ್ಳುತ್ತಲ್ಲ, ಹೇಗೆ?"

ಅಷ್ಟೂ ಪ್ರಶ್ನೆಗಳಲ್ಲಿ ವಿಶಾಲಾಕ್ಷಿಗೆ ಉತ್ತರ ಗೊತ್ತಿದ್ದದ್ದು ಇದೊಂದಕ್ಕೇ. ಆದರೆ ಹೊತ್ತಾಗಿತ್ತು.

"ಬರ್ತಾ ಹೇಳ್ತೀನಿ, ನಡಿ. ಮಡಚೋದನ್ನ ತೋರಿಸ್ಕೊಂಡೇ ಹೇಳ್ತೀನಿ."

ಸಂಜೆ ಮರಳುವಾಗ ಮಗಳು ಗೆಲುವಾಗಿಯೇ ಇದ್ದಳು. ತಲೆ ಹಗುರವಾಗಿದೆ ಎಂದಳು. ಮಳೆಮರ ಆಗತಾನೇ ಎಲೆ ಮಡಚುತ್ತಿತ್ತು. ವಿಶಾಲಾಕ್ಷಿ ಅವಳ ಕೈಹಿಡಿದು ನಿಲ್ಲಿಸಿದಳು. ಪ್ರತಿ ಎಲೆಯ ಬುಡದಲ್ಲೂ ಒಂದು ಪುಟ್ಟ ಗಂಟಿದೆ, ಬೆಳಕು ಇಳಿದಾಗ ಅದರ ಒಂದು ಮಗ್ಗುಲಿನ ನೀರು ಇನ್ನೊಂದಕ್ಕೆ ಸರಿಯುತ್ತದೆ ಎಂದು, ಬೆಳಗಿನಿಂದ ಕೂಡಿಟ್ಟುಕೊಂಡಿದ್ದನ್ನೆಲ್ಲ ಹೇಳಿದಳು.

ಚಾರುಮತಿ ಕೊನೆಯವರೆಗೂ ವಿನಯದಿಂದ ಕೇಳಿಸಿಕೊಂಡಳು.

"ಅದು ನಿನ್ನ ವಿಷಯ ಅಲ್ವಾಮ್ಮ," ಎಂದಳು. "ನನಗ್ಯಾಕೆ ಹೇಳ್ತಿದೀಯ?"