ಹನ್ನೊಂದನೇ ಗಂಟಲು

ದುರ್ಗದ ಆಸ್ಪತ್ರೆಯಿಂದ ಬಂದ ಅಣ್ಣ ಹೊಸ್ತಿಲು ತುಳಿದ ಕೂಡಲೇ ಓಬಣ್ಣ ಮೂಲೆಯ ದೊಣ್ಣೆಯ ಕಡೆ ನೋಡಿದ. ಅಣ್ಣ ಉಗ್ರಪ್ಪ ಮಾತಾಡಲಿಲ್ಲ. ಆಡುವುದಕ್ಕೆ ಗಂಟಲೇ ಇರಲಿಲ್ಲ. ಕುತ್ತಿಗೆಯ ತೂತಿನ ಮೇಲೆ ಬಿಳಿ ಬಟ್ಟೆ ಕಟ್ಟಿತ್ತು. ಉಸಿರು ಅಲ್ಲಿಂದಲೇ ಬುಸುಗುಡುತ್ತಿತ್ತು.

ಒಂದು ಕಾಲಕ್ಕೆ ಅವನು ಮತ್ತೋಡಿನ ದಿಬ್ಬದ ಮೇಲೆ ನಿಂತು ಕುರಿ ಕರೆದರೆ ರಾಮಗಿರಿಯಲ್ಲಿ ಹೊರಟ ರೈಲು ಹಿಂದಕ್ಕೆ ಬರುತ್ತಿತ್ತು. ಆ ಗಂಟಲಿಗೇ ಹುಣ್ಣು ಬಿತ್ತು. ಅದು ತೊಂಬತ್ತೇಳನೇ ಇಸವಿ. ದುರ್ಗದಲ್ಲಿ ಡಾಕ್ಟರ್ ಶ್ರೀನಿವಾಸ್ ಎಂಬುವರು ಗಂಟಲು ತೆಗೆಸಿಕೊಳ್ಳುವವರ ಮೇಲೆ ಸಂಶೋಧನೆ ನಡೆಸುತ್ತಿದ್ದರು. ಕುಯ್ಯುವ ಮೊದಲು ದನಿ ಹಿಡಿದಿಡುವುದು, ಕುಯ್ದ ಮೇಲೆ ಮೂರು ತಿಂಗಳಿಗೊಮ್ಮೆ ಕರೆಸಿ ಹೊಸದಾಗಿ ಮಾತು ಕಲಿಸುವುದು, ಎಷ್ಟು ಮರಳಿತೆಂದು ಹಳೆಯದರ ಜೊತೆ ಹೋಲಿಸುವುದು. ಉಗ್ರಪ್ಪನದು ಹನ್ನೊಂದನೇ ಗಂಟಲು. ದನಿ ನಿಮ್ಮದೇ ಅಲ್ಲವೇ ಎಂದು ಡಾಕ್ಟರು ಅವನಿಗೂ ಒಂದು ಕ್ಯಾಸೆಟ್ಟು ಕೊಟ್ಟು ಕಳಿಸಿದ್ದರು.

ಆ ಕ್ಯಾಸೆಟ್ಟನ್ನು ಉಗ್ರಪ್ಪ ತಮ್ಮನ ಟೇಪ್‌ರೆಕಾರ್ಡರಿನ ಮೇಲೆ ಇಟ್ಟ. ಹಟ್ಟಿಗೆಲ್ಲ ಇದ್ದದ್ದು ಅದೊಂದೇ ಟೇಪು. ಹಿತ್ತಲಿನ ಕುರಿರೊಪ್ಪದ ಕಡೆ ಬೆರಳು ಮಾಡಿದ. ಆಮೇಲೆ ಓಬಣ್ಣನ ಎದೆಗೆ ಚುಚ್ಚಿದ. ಆಮೇಲೆ ತನ್ನ ಕುತ್ತಿಗೆಯ ಮೇಲೆ ಬೆರಳಾಡಿಸಿದ. ಮೂರು ಸಲ ಹಾಗೇ ಮಾಡಿ ಹೊರಟುಹೋದ.

"ಕುರಿ ತಂಟೆಗೆ ಬಂದ್ರೆ ಕುತ್ತಿಗೆ ಕುಯ್ತೀನಿ ಅಂದ," ಎಂದಳು ಓಬಣ್ಣನ ಹೆಂಡತಿ ತಿಪ್ಪಕ್ಕ. "ಬಾಯಿ ಹೋದ್ರೂ ಬೈಗುಳ ಹೋಗಿಲ್ಲ ನೋಡು ನಿಮ್ಮಣ್ಣಂಗೆ."

ಓಬಣ್ಣನಿಗೂ ಹಾಗೇ ಅನ್ನಿಸಿತು. ಅಪ್ಪ ಬಿಟ್ಟುಹೋದ ನೂರಿಪ್ಪತ್ತು ಕುರಿ ಇನ್ನೂ ಪಾಲಾಗಿರಲಿಲ್ಲ. ಸಾಕಿದವನು ಹೆಂಡತಿ ಮಕ್ಕಳಿಲ್ಲದ ಉಗ್ರಪ್ಪ. ಆಸ್ಪತ್ರೆಯಲ್ಲಿ ತಿಂಗಳಿಡೀ ಅವನ ಪಕ್ಕ ಕೂತವನು ಅಕ್ಕನ ಮಗ ರಂಗೇಶ. ಕುರಿಯೆಲ್ಲ ರಂಗೇಶನಿಗೇ ಹೋಗುತ್ತದೆಂದು ಹಟ್ಟಿಯ ನಾಯಿಗಳಿಗೂ ಗೊತ್ತಿತ್ತು. ಓಬಣ್ಣ ಆಸ್ಪತ್ರೆಯ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಆ ತಿಂಗಳು ಅವನೇ ಕುರಿ ಕಾದ. ಕೂಗಿ ಕೂಗಿ ಕರುಳು ಬಾಯಿಗೆ ಬಂದರೂ ಒಂದು ಮರಿಯೂ ತಿರುಗಿ ನೋಡಲಿಲ್ಲ. ಆರು ಕುರಿ ತೋಳದ ಪಾಲಾದವು. ಉಳಿದವೂ ಕೈಬಿಟ್ಟರೆ ಅವನ ಪಾಲಿಗೆ ಉಳಿಯುವುದು ತಿಪ್ಪಕ್ಕನ ಬಾಯಿ ಒಂದೇ.

ಅಣ್ಣ ಕ್ಯಾಸೆಟ್ಟು ಮರೆತುಹೋದನೆಂದುಕೊಂಡ ಓಬಣ್ಣ. ಮರುದಿನವೂ ಅಣ್ಣ ಕೇಳಿಕೊಂಡು ಬರಲಿಲ್ಲ. ಓಬಣ್ಣ ಕದ ಮುಚ್ಚಿ ಅದನ್ನು ಹಾಕಿದ. ಡಾಕ್ಟರು ಹೇಳಿಸಿದ್ದೆಲ್ಲ ಸಾಲಾಗಿ ಬಂತು. ಉಸಿರು ಮುಗಿಯುವ ತನಕ ಆ ಎನ್ನುವುದು, ಒಂದರಿಂದ ಇಪ್ಪತ್ತು ಎಣಿಸುವುದು, ಮನೆಯ ಸಾಮಾನಿನ ಹೆಸರು. ಇನ್ನು ಶಕ್ತಿಯಿದ್ದಷ್ಟು ಜೋರಾಗಿ ಕೂಗಿ ಎಂದರು ಡಾಕ್ಟರು. ಉಗ್ರಪ್ಪ ಕುರಿ ಕರೆದ. ನಿಧಾನವಾಗಿ, ಬಿಡಿಸಿ ಬಿಡಿಸಿ, ಮೂರು ಸಲ.

ಹಿತ್ತಲಲ್ಲಿ ರೊಪ್ಪದ ಬೇಲಿ ಮುರಿಯಿತು. ಕುರಿಗಳೆಲ್ಲ ನುಗ್ಗಿ ಬಂದು ಬಾಗಿಲಿಗೆ ತಲೆ ಗುದ್ದತೊಡಗಿದವು. ಓಬಣ್ಣ ಗಾಬರಿಯಲ್ಲಿ ಗುಂಡಿ ಒತ್ತಿ ನಿಲ್ಲಿಸಿದ. ಮಿಕ್ಕಿದ್ದು ಅವನಿಗೆ ಬೇಕಿರಲಿಲ್ಲ. ಸುರುಳಿಯನ್ನು ಕೂಗಿನ ಬುಡಕ್ಕೇ ತಿರುಗಿಸಿಟ್ಟು, ಸೀದಾ ಹಟ್ಟಿಯ ಯಜಮಾನ ಕಾಟಲಿಂಗಪ್ಪನ ಹತ್ತಿರ ಹೋದ.

"ಕುರಿ ಜಗಳ ಬಂದ್ರೆ ಕುರೀನೇ ಕೇಳೋದು ಹಳೇ ಕಟ್ಟು. ಯಾರ ಕೂಗಿಗೆ ಬರ್ತಾವೋ ಅವರವು. ಕರೀರಿ ನಮ್ಮಣ್ಣನ್ನ."

ಗಂಟಲಿಲ್ಲದವನ ಜೊತೆ ಕೂಗುವ ಪಂದ್ಯವೇ ಎಂದು ಕಾಟಲಿಂಗಪ್ಪ ಉಗಿದ. ಓಬಣ್ಣ ಒರೆಸಿಕೊಂಡ, ಕಟ್ಟು ಕಟ್ಟೇ ಎಂದ.

ಸೋಮವಾರ ಬೆಳಿಗ್ಗೆ ಹಟ್ಟಿಗೆ ಹಟ್ಟಿಯೇ ಬಯಲಿಗೆ ಬಂತು. ಕುರಿಗಳನ್ನು ಕಣ್ಣಿಗೆ ಕಾಣದಂತೆ ದಿಬ್ಬದ ಆಚೆ ಬಿಟ್ಟಿದ್ದರು. ಓಬಣ್ಣ ಸುಡುಬಿಸಿಲಲ್ಲಿ ಎರಡು ಕಂಬಳಿ ಹೊದ್ದಿದ್ದ. ಟೇಪು ಹೊಟ್ಟೆಗೆ ಕಟ್ಟಿತ್ತು.

"ಎಷ್ಟು ತಿಂಗ್ಳಪ್ಪ ನಿಂಗೆ?" ಎಂದಳು ಮುದುಕಿ ಹುಚ್ಚಕ್ಕ ಅವನ ಹೊಟ್ಟೆ ನೋಡಿ. ಎಲ್ಲರೂ ನಕ್ಕರು. ಉಗ್ರಪ್ಪನ ತೂತೂ ನಕ್ಕಿತು.

ಹಿಂದೆ ಯಾರೋ ಮುಷ್ಟಿಯಲ್ಲಿ ಉಪ್ಪು ಹಿಡಿದು ಕುರಿ ಸೆಳೆದಿದ್ದರಂತೆ. ಅಂದಿನಿಂದ ಕೂಗುವವನು ಎರಡೂ ಕೈ ಮೇಲೆತ್ತಿರಬೇಕು. ಕುರಿ ಎಣಿಸಿ ಮುಗಿಯುವ ಮೊದಲು ಇಳಿಸಿದರೆ ಸೋತ ಹಾಗೆ.

ಮೊದಲು ಉಗ್ರಪ್ಪ. ಕೈ ಎತ್ತಿದ. ಬುಸ್ ಎಂದಿತು ಉಸಿರು. ದಿಬ್ಬದ ಮೇಲೆ ಒಂದು ಕಿವಿಯೂ ಕಾಣಲಿಲ್ಲ. ತಾನಾಗಿಯೇ ಕೈ ಇಳಿಸಿದ. ದಿಬ್ಬದ ಕಡೆ ಬೆರಳು, ಓಬಣ್ಣನ ಕಡೆ ಬೆರಳು, ಕುತ್ತಿಗೆಯ ಮೇಲೆ ಬೆರಳು.

"ಏನೋ ಹೇಳ್ತಾನೆ ಕಣಲೇ," ಎಂದ ಕಾಟಲಿಂಗಪ್ಪ.

"ಕುತ್ತಿಗೆ ಕುಯ್ತಾನಂತೆ. ನೀವೇ ಸಾಕ್ಷಿ," ಎಂದ ಓಬಣ್ಣ.

ಅವನು ಕಂಬಳಿ ಸರಿಮಾಡಿಕೊಳ್ಳುವವನಂತೆ ಗುಂಡಿ ಒತ್ತಿದ. ಕೈ ಎತ್ತಿದ. ಬಾಯಿಯನ್ನು ಬಾವಿಯಷ್ಟು ತೆರೆದ.

ಕೂಗು ಎದ್ದಿತು. ತುಸು ಒಡಕು, ಆದರೂ ಅದೇ ದನಿ. ಜನ ಬೆಚ್ಚಿದರು. ರಕ್ತ ಒಂದೇ ಅಲ್ಲವೇ ಎಂದಳು ಹುಚ್ಚಕ್ಕ. ಎರಡನೇ ಕೂಗಿಗೆ ದಿಬ್ಬವೇ ಕಪ್ಪಗೆ ಎದ್ದು ಓಡಿಬಂತು. ಮೂರನೆಯದಕ್ಕೆ ಅವನ ಮೊಣಕಾಲು ಉಣ್ಣೆಯಲ್ಲಿ ಮುಳುಗಿತು. ತಿಪ್ಪಕ್ಕ ಸೆರಗು ಸಿಕ್ಕಿಸಿ ಕುಣಿದಳು.

ಓಬಣ್ಣ ಬಾಯಿ ಮುಚ್ಚಿದ. ಕಾಟಲಿಂಗಪ್ಪ ಇನ್ನೂ ಎಣಿಸುತ್ತಿದ್ದ. ಕೈ ಇಳಿಸುವಂತಿರಲಿಲ್ಲ. ಟೇಪು ಓಡುತ್ತಲೇ ಇತ್ತು.

"ಇದು ಕೊನೇದು," ಎಂದಿತು ಅವನ ಹೊಟ್ಟೆಯೊಳಗಿಂದ ಡಾಕ್ಟರ ದನಿ. "ಯಾರಿಗಾದರೂ ಏನಾದರೂ ಹೇಳುವುದಿದ್ದರೆ ಹೇಳಿ, ಉಗ್ರಪ್ಪ."

"ಓಬ," ಎಂದಿತು ಅಣ್ಣನ ದನಿ, "ಕುರಿ ಎಲ್ಲಾ ನಿನ್ನವೇ ಕಣಲೇ, ಆದ್ರೆ ಅವು ನಿನ್ನ ದನಿಗೆ ಬರಲ್ಲ, ಅದ್ಕೇ ನಿಧಾನಕ್ಕೆ ಮೂರು ಸಲ ಕೂಗಿ ಇಟ್ಟಿದೀನಿ, ಕೇಳಿ ಕೇಳಿ ಕಲ್ತ್ಕ."