ಗಾಡಿಗೆ ಒತ್ತೆ

"ಈಗ್ ಬತ್ತೀನಣ್ಣ" ಎಂದು ಬೈಕು ಹತ್ತಿದ ಮುನೀಶ ಹೊತ್ತು ಇಳಿದರೂ ಬರಲಿಲ್ಲ. ಅವನ ಫೋನು ಸ್ವಿಚ್ ಆಫ್. ಚಲಪತಿ ಗೇಟಿನಿಂದ ರಸ್ತೆಗೆ, ರಸ್ತೆಯಿಂದ ಗೇಟಿಗೆ ತಿರುಗಿ ಸಾಕಾಗಿ, ಜಗಲಿಯ ಮೇಲೆ ಕೂತಿದ್ದ ಮುನೀಶನ ತಾಯಿಯನ್ನು ದುರುಗುಟ್ಟಿ ನೋಡಿದ. ಆಕೆ ತಲೆ ಎತ್ತದೆ ಅವರೆಕಾಯಿ ಸುಲಿಯುತ್ತಿದ್ದಳು.

ಹೋದದ್ದು ಬರೀ ಬೈಕಲ್ಲ, ಚಲಪತಿಯ ಮಾನ. ಬೈಕು ಹೆಂಡತಿಯ ಅಣ್ಣ ಭೈರೇಶನದು. "ಆನ್‌ಲೈನಲ್ಲಿ ಹಾಕಿ ಮಾರ್ಸಿಕೊಡ್ತೀನಿ ಬಾವ" ಎಂದು ಮೀಸೆ ತಿರುವಿ, ಹೊಸೂರು ಪಕ್ಕದ ಅವಲಪಲ್ಲಿಯ ತನ್ನ ಮನೆಗೆ ಅದನ್ನು ತಂದವನು ಚಲಪತಿಯೇ. ಹಿಂದಿನ ಸಲ ಹೆಂಡತಿ ರಮಾದೇವಿಯ ಹೊಲಿಗೆ ಮಿಷನ್ನು ಮಾರಲು ಹೋಗಿದ್ದ. ಹಣ ಹಾಕಿದೆನೆಂದು ಕೊಳ್ಳುವವನು ತೋರಿಸಿದ ಸುಳ್ಳು ಸ್ಕ್ರೀನ್‌ಶಾಟ್ ನಂಬಿ, ಮಿಷನ್ನನ್ನು ತಾನೇ ಹೊತ್ತು ಅವನ ಆಟೋದಲ್ಲಿ ಇಟ್ಟು ಕಳಿಸಿದ್ದ. "ಇನ್ನೊಂದ್ಸಲ ಟೋಪಿ ಹಾಕಿಸ್ಕೊಂಡ್ರೆ ನಾನು ತೌರಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದು ರಮಾದೇವಿ ಮೊದಲೇ ಎಚ್ಚರಿಸಿದ್ದಳು.

ಅಂದಿನಿಂದ ಕೊಳ್ಳುವವರೆಂದರೇ ಅವನಿಗೆ ಹೇಸಿಗೆ. ಬೈಕಿನ ಫೋಟೋ ಹಾಕಿದ್ದೇ ತಡ, ಬೆಲ್ಲಕ್ಕೆ ನೊಣ ಮುತ್ತಿದ ಹಾಗೆ ಮುತ್ತಿದರು. ಒಬ್ಬ ತಾನು ಮಿಲಿಟರಿಯವನು, ನೋಡದೆಯೇ ಕೊಳ್ಳುತ್ತೇನೆ ಎಂದ. ಇನ್ನೊಬ್ಬ ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿದರೆ ನಿಮಗೇ ದುಡ್ಡು ಬರುತ್ತದೆ ಎಂದ. ಮತ್ತೊಬ್ಬ ಅಕ್ಕರೆಯಿಂದ ಒಟಿಪಿ ಕೇಳಿದ. ದುಡ್ಡು ಕೊಡುವವನಿಗೆ ನನ್ನ ಒಟಿಪಿ ಯಾಕೆ? ಥೂ! ಎಂಜಲು ಕಾಸಿಗೆ ಬಾಯಿ ಬಿಡುವ ಜನ. ಚಲಪತಿ ಬೈದುಕೊಳ್ಳುತ್ತಲೇ ಒಬ್ಬೊಬ್ಬರನ್ನೂ ಬ್ಲಾಕ್ ಮಾಡಿದ.

ಉಳಿದವರು ಟೆಸ್ಟ್ ಡ್ರೈವ್ ಕಳ್ಳರು. ಓಡಿಸಿ ನೋಡುತ್ತೇನೆಂದು ಹತ್ತಿ ಹಾಗೇ ಮಾಯವಾಗುವವರು. ಅವರ ಲೈಸೆನ್ಸ್ ಇಟ್ಟುಕೊಂಡರೆ ಅದು ನಕಲಿ ಇರಬಹುದು. ಫೋನು ಇಟ್ಟುಕೊಂಡರೆ ಅದೇ ಕದ್ದ ಮಾಲಿರಬಹುದು. ತುಂಬ ಯೋಚಿಸಿ ಜಾಹೀರಾತಿನ ಕೊನೆಗೆ ಅವನೊಂದು ಷರತ್ತು ಸೇರಿಸಿದ: 'ಓಡಿಸಿ ನೋಡುವವರು ತಮ್ಮ ಮನೆಯವರೊಬ್ಬರನ್ನು ಕರೆತರಬೇಕು. ಗಾಡಿ ವಾಪಸು ಬರುವವರೆಗೆ ಅವರು ನಮ್ಮ ಮನೆಯಲ್ಲಿ ಕೂತಿರಬೇಕು.'

"ಮನುಷ್ಯರನ್ನ ಒತ್ತೆ ಇಟ್ಕೊಳ್ತೀರಾ? ಅಸಹ್ಯ ಆಗಲ್ವಾ ನಿಮ್ಗೆ?" ಎಂದಳು ರಮಾದೇವಿ.

"ಕದಿಯೋರ್ಗೆ ಇಲ್ದಿರೋ ಅಸಹ್ಯ ನನಗ್ಯಾಕೆ? ಸ್ವಂತ ರಕ್ತಾನ ಬಿಟ್ಟು ಯಾವನೂ ಓಡಿಹೋಗಲ್ಲ ಕಣೆ."

ಆ ಷರತ್ತು ಓದಿದ ಮೇಲೂ ಫೋನ್ ಮಾಡಿದವನು ಮುನೀಶ ಒಬ್ಬನೇ. ಅಂಚೆಟ್ಟಿ ಕಡೆಯವನಂತೆ, ಸೂಳಗಿರಿಯ ಫ್ಯಾಕ್ಟರಿಯಲ್ಲಿ ಕೆಲಸವಂತೆ. ಬಸ್ಸು ಸರಿಯಿಲ್ಲ, ಗಾಡಿ ಬೇಕು ಎಂದ. ರೇಟು ಕೇಳಲಿಲ್ಲ. "ನಮ್ಮವ್ವನ್ನ ಕರ್ಕೊಂಡು ಬತ್ತೀನಣ್ಣ. ಮನೇಲಿ ಅಕ್ಕ ಇರ್ತಾರಲ್ವಾ? ಅವ್ವಂಗೆ ಬರೀ ಗಂಡಸರ ಮುಂದೆ ಕೂರೋಕೆ ಸಂಕೋಚ" ಎಂದ. ಈ ಕಾಲದಲ್ಲಿ ಇಂಥ ಮಗನೂ ಉಂಟೇ ಎಂದು ಚಲಪತಿ ಮೆಚ್ಚಿಕೊಂಡ.

ಹೇಳಿದಂತೆಯೇ ಬಂದ. ತಾಯಿ ಪಿಳ್ಳಮ್ಮ ದೊಡ್ಡದೊಂದು ಬಟ್ಟೆಯ ಚೀಲವನ್ನು ಎದೆಗೆ ಅವಚಿಕೊಂಡಿದ್ದಳು. ದುಡ್ಡು ಅದರಲ್ಲೇ ಇದೆ ಎಂದುಕೊಂಡು ಚಲಪತಿಗೆ ನೆಮ್ಮದಿಯಾಯಿತು. ಮುನೀಶ ಬೈಕನ್ನು ಸುತ್ತಿ ನೋಡಲಿಲ್ಲ. ಮನೆಯನ್ನು ನೋಡಿದ. ಬಾಗಿಲಲ್ಲಿ ನಿಂತಿದ್ದ ರಮಾದೇವಿಯನ್ನು ನೋಡಿದ. ಆಮೇಲೆ ಬೀಗದ ಕೈ ತೆಗೆದುಕೊಂಡು, ಬಗ್ಗಿ ತಾಯಿಯ ಕಾಲು ಮುಟ್ಟಿದ. ಗಾಡಿ ಹತ್ತುವ ಮುಂಚೆ ಹೆತ್ತವಳ ಆಶೀರ್ವಾದ! ನೋಡಿ ಕಲಿ ಎಂಬಂತೆ ಚಲಪತಿ ಹೆಂಡತಿಯ ಕಡೆ ಹುಬ್ಬು ಹಾರಿಸಿದ.

ಪಿಳ್ಳಮ್ಮ ಕಾಫಿ ಕುಡಿದು ಲೋಟ ತೊಳೆದಿಟ್ಟಳು. ರಮಾದೇವಿಯ ಮುಂದಿದ್ದ ಅವರೆಕಾಯಿಯ ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು.

"ಬಿಡವ್ವ, ನಿಂಗ್ಯಾಕೆ?"

"ಸುಮ್ಕೆ ಕೂತ್ಕೊಂಡು ತಿನ್ನೋಕಾಯ್ತದೇನವ್ವ?"

ಈಗ ಮೊರ ಖಾಲಿಯಾಗಿತ್ತು. ರಸ್ತೆಯೂ ಖಾಲಿ. ಚಲಪತಿಯ ತಾಳ್ಮೆ ತಪ್ಪಿತು.

"ಏಯ್ ಮುದುಕಿ, ನಿಜ ಹೇಳು. ಅವ್ನು ನಿನ್ ಮಗಾನಾ, ಇಲ್ಲಾ ಬಾಡಿಗೆಗೆ ಬಂದಿದ್ದೀಯಾ?"

"ನನ್ ಹೊಟ್ಟೇಲಿ ಹುಟ್ಟಿದ ಮಗ ಕಣಪ್ಪ."

"ಮತ್ತೆ ಎಲ್ಲಿ ಹಾಳಾಗೋದ?"

"ನನ್ ಮಗ ಕಳ್ಳ ಅಲ್ಲ. ನಿನ್ ಗಾಡಿ ಎಲ್ಲೂ ಹೋಗಲ್ಲ."

ಚಲಪತಿಗೆ ಮೈಯೆಲ್ಲ ಉರಿಯಿತು. ತಾಯಿ ಮಗ ಸೇರಿ ನಡೆಸುವ ದಂಧೆ! ಇಂಥವಳಿಗೆ ಕಾಫಿ ಬೇರೆ ಕೊಟ್ಟೆವಲ್ಲ! ಅಂಗಳಕ್ಕೆ ಥೂ ಎಂದು ಉಗಿದು, "ನಡಿ ಪೊಲೀಸ್ ಸ್ಟೇಷನ್ನಿಗೆ" ಎಂದು ಆಕೆಯ ಚೀಲವನ್ನು ಹಿಡಿದೆಳೆದ. ಪಿಳ್ಳಮ್ಮ ಬಿಡಲಿಲ್ಲ. "ಅವ್ರ ಮೇಲೆ ಕೈ ಮಾಡಬ್ಯಾಡಿ!" ಎಂದು ರಮಾದೇವಿ ನಡುವೆ ಬಂದಳು. ಅಷ್ಟರಲ್ಲಿ ಚಲಪತಿಯ ಫೋನು ಬಡಿದುಕೊಂಡಿತು.

"ಸಾರ್, ಹೊಸೂರು ಬಸ್ ಸ್ಟ್ಯಾಂಡ್ ಪಕ್ಕ ಗಾಡಿ ನಿಲ್ಸೋ ಜಾಗದಿಂದ. ನಿಮ್ ಬೈಕು ಇಲ್ಲೇ ಐತೆ. ಬಿಟ್ಟೋದೋನು ಬೀಗದ ಕೈ ನಮ್ಮತ್ರ ಕೊಟ್ಟು, ಸಾಯಂಕಾಲ ಈ ನಂಬರಿಗೆ ಫೋನ್ ಮಾಡಿ ಅಂದ. ಟ್ಯಾಂಕು ಫುಲ್ ಮಾಡ್ಸವ್ನೆ. ಅವ್ನು ಆವಾಗ್ಲೇ ಬಸ್ ಹತ್ಕೊಂಡು ಹೋಗ್ಬುಟ್ಟ."

ಚಲಪತಿಗೆ ಹೋದ ಜೀವ ಬಂದಂತಾಯಿತು. ಗಟ್ಟಿಯಾಗಿ ನಕ್ಕ.

"ರಮಾ, ಗಾಡಿ ಸಿಕ್ತು ಕಣೆ! ನನ್ ಷರತ್ತಿಗೆ ಹೆದರ್ಕೊಂಡು ಬಿಟ್ಟು ಓಡವ್ನೆ. ನಾನ್ ಹೇಳ್ಲಿಲ್ವಾ, ಹೆತ್ತ ತಾಯಿನ ಬಿಟ್ಟು ಯಾವನೂ..."

ರಮಾದೇವಿ ನಗಲಿಲ್ಲ. ಎಳೆದಾಟದಲ್ಲಿ ಚೀಲದ ಬಾಯಿ ಬಿಚ್ಚಿತ್ತು, ಅವಳು ಅದನ್ನೇ ನೋಡುತ್ತಿದ್ದಳು. ಒಳಗೆ ದುಡ್ಡಿರಲಿಲ್ಲ. ಒಂದು ಕಂಬಳಿ, ಮಡಿಸಿದ ಹಳೆಯ ಸೀರೆಗಳು, ಊಟದ ತಟ್ಟೆ, ಲೋಟ, ರಬ್ಬರ್ ಬ್ಯಾಂಡ್ ಹಾಕಿದ ಮಾತ್ರೆಯ ಕಟ್ಟು. ಪಿಳ್ಳಮ್ಮ ಅವನ್ನು ಒಂದೊಂದಾಗಿ ತೆಗೆದು, ಯಾರಿಗೂ ಅಡ್ಡವಾಗದಂತೆ ಗೋಡೆಗೆ ಒತ್ತಿ ಇಟ್ಟಳು.

"ನಂಗೆ ಈ ಮೂಲೆ ಸಾಕು ಕಣವ್ವ" ಎಂದಳು.